ಬಲಗಡೆಯ ಗೋಡೆ

ಎಡಕ್ಕೋ, ಬಲಕ್ಕೋ? ನಲವತ್ತೊಂದು ಕಿಲೋಮೀಟರಿನ ದಣಿವೆಲ್ಲ ಹಿಂದೆ ಸರಿದು, ತಮ್ಮನ ತಲೆಯೊಳಗೆ ಅದೊಂದೇ ಪ್ರಶ್ನೆ ಕಾಲೂರಿ ನಿಂತಿತು. ಎದುರಿಗೇ ಬಿಳಿಯ ಸ್ತೂಪ. ಅದಕ್ಕೆ ಒಂದು ಸುತ್ತು ಹಾಕಿದರೆ ಮ್ಯಾರಥಾನ್ ಮುಗಿಯಿತು. ಬುದ್ಧನಿಗೆ ನಡೆದುಕೊಳ್ಳುವವರು ಸ್ತೂಪವನ್ನು ಬಲಕ್ಕಿಟ್ಟುಕೊಂಡೇ ಸುತ್ತುತ್ತಾರೆ. ಓಟದ ಬಾಣದ ಗುರುತು ಮಾತ್ರ ಅದನ್ನು ಎಡಕ್ಕೆ ಬಿಟ್ಟು ಓಡಿ ಎನ್ನುತ್ತಿತ್ತು. ಬಾಣ ಮೀರಿದರೆ ಇಷ್ಟು ಹೊತ್ತು ಓಡಿದ್ದೆಲ್ಲ ನೀರಲ್ಲಿ ಹೋಮ.

ಅವನ ಬಲಗೈಗೂ ಅಣ್ಣನ ಎಡಗೈಗೂ ನಡುವೆ ಗೇಣುದ್ದದ ಹಗ್ಗ. ಆರನೇ ವಯಸ್ಸಿಗೇ ಕಣ್ಣು ಕಳೆದುಕೊಂಡ ಅಣ್ಣನನ್ನು ಅಮ್ಮ ಇಲ್ಲಿಗೆ ಕರೆತರುತ್ತಿದ್ದಳು. ಅವನ ಬಲಗೈಯನ್ನು ಸ್ತೂಪದ ಗೋಡೆಗೆ ತಾಗಿಸಿ ಸುತ್ತು ಹಾಕಿಸುತ್ತಿದ್ದಳು. ಹೋದ ವರ್ಷ ಅವಳು ತೀರಿಕೊಂಡಳು. ಅದೇ ಗೋಡೆ ಸವರುತ್ತ ಓಟ ಮುಗಿಸುತ್ತೇನೆ ಎಂದು ಅಣ್ಣ ತನಗೆ ತಾನೇ ಮಾತು ಕೊಟ್ಟುಕೊಂಡ. ಆಸ್ಪತ್ರೆಯಲ್ಲಿ ರೋಗಿಗಳ ಕೈಕಾಲು ನೀವುವ ಅಣ್ಣನೂ ಬಸ್ ಡ್ರೈವರ್ ತಮ್ಮನೂ ಎಂಟು ತಿಂಗಳು ದಿನಾ ಬೆಳಿಗ್ಗೆ ಓಡಿದ್ದರು.

"ಬಂತೇನೋ?"

"ಬಂತಣ್ಣ."

"ಗೋಡೆ ಬಲಕ್ಕೇ ತಾನೆ?"

ಬಾಣದ ಪಕ್ಕದಲ್ಲಿ ತೀರ್ಪುಗಾರ ಸೀಟಿ ಬಾಯಿಗಿಟ್ಟು ನೋಡುತ್ತಿದ್ದ.

"ಹ್ಞೂಂ, ಬಲಕ್ಕೇ" ಎಂದು ತಮ್ಮ ಬಾಣ ತೋರಿಸಿದ ಕಡೆಗೆ ಅಣ್ಣನನ್ನು ತಿರುಗಿಸಿದ.

"ಮೆಲ್ಲಗೆ ಕಣೋ! ಬಸ್ ತಿರುಗಿಸ್ತಿದೀನಿ ಅಂದ್ಕೊಂಡ್ಯಾ?" ನಗುತ್ತಲೇ ಅಣ್ಣ ಬಲಗೈ ಚಾಚಿದ. ಬೆರಳಿಗೆ ಬರೀ ಗಾಳಿ ಸಿಕ್ಕಿತು. "ಗೋಡೆ ಎಲ್ಲೋ?"

"ಬೇಲಿ ಹಾಕಿದಾರಣ್ಣ. ಹತ್ತಿರ ಬಿಡ್ತಿಲ್ಲ."

ಮಂತ್ರ ಹೇಳುವ ದನಿಗಳು ಒಂದೊಂದಾಗಿ ಎದುರಿನಿಂದ ಬಂದು ಪಕ್ಕದಲ್ಲೇ ದಾಟಿಹೋದವು.

"ಇವರೆಲ್ಲ ಯಾಕೋ ಎದುರಿಗೆ ಬರ್ತಿದಾರೆ?"

"ಸುತ್ತು ಮುಗಿಸಿ ವಾಪಸ್ ಹೋಗ್ತಿದಾರೆ."

ಅಣ್ಣ ಚಾಚಿದ ಕೈಯನ್ನು ಮಡಚಲಿಲ್ಲ. ಸುಳ್ಳು ಹೇಳಿದ್ದು ಅಣ್ಣನಿಗೋಸ್ಕರವೋ ಪದಕಕ್ಕೋಸ್ಕರವೋ, ತಮ್ಮನಿಗೆ ಬಗೆಹರಿಯುವ ಮೊದಲೇ ಗೆರೆ ದಾಟಿಯಾಗಿತ್ತು.

ಕೊರಳಿಗೆ ಬಿದ್ದ ಪದಕವನ್ನು ಅಣ್ಣ ಸವರಿಯೂ ನೋಡಲಿಲ್ಲ. ಹಗ್ಗದ ಗಂಟನ್ನು ತಾನೇ ಬಿಚ್ಚಿದ. "ನಡಿ, ಒಂದು ಸುತ್ತು ನಡ್ಕೊಂಡು ಬರೋಣ."

"ಕಾಲು ಬಿದ್ದುಹೋಗಿವೆ ಅಣ್ಣ. ಮುಗೀತಲ್ಲ, ಮತ್ತೆ ಯಾಕೆ?"

"ನಿಂದು ಮುಗೀತು."

ಮಂತ್ರದ ದನಿಗೆ ಕಿವಿಗೊಟ್ಟು, ಅದು ಸಾಗುವ ಕಡೆಗೇ ಅಣ್ಣ ತಿರುಗಿದ. ನಾಲ್ಕು ಹೆಜ್ಜೆಗೇ ಅವನ ಬಲಗೈ ಗೋಡೆಗೆ ತಾಗಿತು. ಬಿಸಿಲಿಗೆ ಕಾದ ಸುಣ್ಣದ ಮೇಲೆ ಅಂಗೈ ಅಗಲಿಸಿ, ತುಸು ಹೊತ್ತು ಹಾಗೇ ನಿಂತ.

"ಬೇಲಿ ಬೇಗ ಕಿತ್ತುಬಿಟ್ರಲ್ಲೋ" ಎಂದ.

ಮುಖ ಗೋಡೆಯ ಕಡೆಗಿತ್ತು. ನಕ್ಕನೋ ಇಲ್ಲವೋ ತಿಳಿಯಲಿಲ್ಲ. ತಮ್ಮ ಅವನ ಹಿಂದೆ ಹಿಂದೆ ನಡೆದ.

ಬೇಲಿ ಇರಲೇ ಇಲ್ಲ ಎಂದು ತಮ್ಮ ಆವತ್ತು ಹೇಳಲಿಲ್ಲ. ಆಮೇಲೂ ಹೇಳಲಿಲ್ಲ.