ಜೋಡಿ ಗಂಟಿನ ದಿನಗಳು

ನೆಲದಡಿಯ ಆ ಊರಲ್ಲಿ ಗಾಳಿ ಎಲ್ಲರಿಗೂ ಒಟ್ಟಿಗೆ ಸಾಲುತ್ತಿರಲಿಲ್ಲ. ಹಾಗಾಗಿ ಜನ ಸರದಿಯ ಮೇಲೆ ಏಳುತ್ತಿದ್ದರು, ಉಳಿದ ದಿನ ಮಲಗಿರುತ್ತಿದ್ದರು. ನೀಲವ್ವನದು ಆರು ದಿನಕ್ಕೊಂದು ಸರದಿ, ಗಂಡ ಶಿವಪುತ್ರನದು ನಾಲ್ಕು ದಿನಕ್ಕೊಂದು. ಯಾರಾದರೂ ಎದ್ದ ದಿನ ಮನೆಗೊಂದು ದೀಪ. ಅದು ಉರಿಯುವುದು ಅರ್ಧ ದಿನ, ಆಮೇಲೆ ಬರೀ ಕತ್ತಲು.

ಮುಂದಿನ ಅರವತ್ತು ದಿನದ ದೀಪ ತರಲು ನೀಲವ್ವ ಇಬ್ಬರ ದಾರಗಳನ್ನೂ ಒಯ್ದಳು. ಏಳುವ ದಿನಕ್ಕೊಂದು ಗಂಟು: ಗಂಡನ ದಾರದಲ್ಲಿ ಹದಿನೈದು, ತನ್ನದರಲ್ಲಿ ಹತ್ತು.

“ಇಪ್ಪತ್ತೈದು ಕೊಡ್ರಿ,” ಎಂದಳು.

ದೀಪ ಹಂಚುವ ದಾವಲಸಾಬ ಎರಡೂ ದಾರಗಳನ್ನು ಜೋಡಿಸಿ ಹಿಡಿದ. ಐದು ಕಡೆ ಗಂಟಿನ ಪಕ್ಕ ಗಂಟು ಬಂತು.

“ಹನ್ನೆರಡು ದಿನಕ್ಕೊಮ್ಮೆ ಇಬ್ರೂ ಕೂಡೇ ಏಳ್ತೀರಿ ಅಕ್ಕಾ. ಆ ಐದು ದಿನಾನ ಎರಡೆರಡು ಸಲ ಎಣಿಸೀರಿ. ಇಪ್ಪತ್ತ ಬರ್ತಾವ.”

“ಎಣಿಸಾಕ ನನಗೂ ಬರ್ತೈತಿ ಅಣ್ಣಾ,” ಎಂದಳು ನೀಲವ್ವ. “ಆದ್ರ ಆ ದಿನ ಭಾಳ ಲಗೂ ಕತ್ತಲಾಗ್ತೈತಿ.”

ದಾವಲಸಾಬ ಇಪ್ಪತ್ತೇ ಎಣಿಸಿ ಕೊಟ್ಟ.

ಮನೆಯಲ್ಲಿ ಶಿವಪುತ್ರ ಗಾಢ ನಿದ್ದೆಯಲ್ಲಿದ್ದ. ನೀಲವ್ವ ಅವನ ಹೊದಿಕೆ ಸರಿಮಾಡಿದಳು. ಆಮೇಲೆ ಇವತ್ತಿನ ದೀಪವನ್ನು ಅರ್ಧ ಎಣ್ಣೆ ಇರುವಾಗಲೇ ಆರಿಸಿದಳು. ಉಳಿದದ್ದು ಇಬ್ಬರೂ ಏಳುವ ದಿನಕ್ಕಾದೀತು. ಅದನ್ನು ಬಚ್ಚಿಡಲು ಗೋಡೆಯ ಗೂಡಿನೊಳಗೆ ಕೈಯಾಡಿಸಿದಾಗ ಇನ್ನೊಂದು ದೀಪ ತಾಕಿತು. ಅದರಲ್ಲೂ ಅರ್ಧ ಎಣ್ಣೆ ಹಾಗೇ ಇತ್ತು.

ಎರಡು ದಿನದ ಹಿಂದೆ ಒಬ್ಬನೇ ಎದ್ದಾಗ ಅವನೂ ಕತ್ತಲಲ್ಲೇ ಕೂತಿದ್ದ.