ಬೆಂದರೂ ಮಾಸದ ಬಣ್ಣ

ದನ ಕಡಿಯದೆ, ಕಾರ್ಖಾನೆಯ ತೊಟ್ಟಿಯಲ್ಲಿ ಜೀವಕೋಶಗಳಿಂದ ಬೆಳೆಸಿದ ದನದ ಮಾಂಸ ಮಾರುಕಟ್ಟೆಗೆ ಬಂದ ಮೇಲೆ, ಕೊಚ್ಚಿದ ಖೀಮಾ ಎಷ್ಟು ಬೆಂದರೂ ಹಸಿ ಮಾಂಸದಂತೆ ಗುಲಾಬಿಯಾಗಿಯೇ ಉಳಿಯುತ್ತದೆ. ಅತ್ತೆ ಹಲೀಮಮ್ಮ ಮೂರನೇ ಸಲ ಒಲೆ ಹಚ್ಚಿದರು. ನಾನು ಐದು ತಿಂಗಳ ಬಸುರಿ, ಹಸಿವು ತಡೆಯಲಾಗುತ್ತಿರಲಿಲ್ಲ.

"ಥರ್ಮಾಮೀಟರ್ ಎಪ್ಪತ್ತೈದು ಡಿಗ್ರಿ ತೋರಿಸ್ತಿದೆ ಮಾಮಿ. ಎಪ್ಪತ್ತೊಂದು ದಾಟಿದರೆ ಸಾಕು. ಬಣ್ಣ ನೋಡಬೇಡಿ."

"ಥರ್ಮಾಮೀಟರಿಗೇನು, ಅದು ತಿನ್ನೋದಿಲ್ಲವಲ್ಲ. ತಿಂದು ಏನಾದರೂ ಆದರೆ?"

"ಮಗುವಿಗಾ?"

ಅವರು ಸೌಟು ಆಡಿಸುತ್ತಲೇ ಹೇಳಿದರು. "ಮಗು ಇನ್ನೂ ಬರಬೇಕಷ್ಟೆ. ನಾನು ಹೇಳ್ತಿರೋದು ನಿನ್ನ ಬಗ್ಗೆ."

ಮದುವೆಯಾಗಿ ಆರು ವರ್ಷ. ನನಗೇನಾದರೂ ಆದೀತೆಂಬ ಹೆದರಿಕೆ ಅವರಿಗೆ ಇರಬಹುದೆಂದು ನನಗೆ ಹೊಳೆದಿರಲೇ ಇಲ್ಲ.

"ಹಾಗಾದರೆ ಇನ್ನೂ ಹತ್ತು ನಿಮಿಷ ಬೇಯಲಿ ಮಾಮಿ" ಎಂದು ಕುರ್ಚಿ ಎಳೆದು ಅವರ ಪಕ್ಕದಲ್ಲೇ ಕುಳಿತೆ.