ಒಪ್ಪಿಸಿ ಹೋದ ಕೈಗುಣ

ಕೆಲಸ ಬಿಡುವವರು ತಮ್ಮ ಕೈಗುಣವನ್ನು ಲ್ಯಾಬಿಗೆ ಒಪ್ಪಿಸಿಯೇ ಹೋಗಬೇಕು. ಅದನ್ನು ಕೈಯಿಂದ ಕೈಗೆ ದಾಟಿಸುವ ಯಂತ್ರದೊಳಗೆ ವಾರಿಜಾ ಬಲಗೈ ಇಟ್ಟಳು. ಇನ್ನೊಂದು ಕಡೆ ಅವಳ ಜಾಗಕ್ಕೆ ಬಂದ ನಿರಂಜನನ ಕೈಯಿತ್ತು. ಅವನು ಮುಖ್ಯಸ್ಥ ಹೆಬ್ಬಳ್ಳಿಯವರ ಅಕ್ಕನ ಮಗ.

“ನನ್ನ ಅನ್ನ ಉಂಡು ಕಲ್ತದ್ದು. ಹೊರಗ ಒಯ್ಯಾಕ ಬಿಡ್ತೀನೇನು?” ಎಂದರು ಹೆಬ್ಬಳ್ಳಿ.

ಯಂತ್ರ ಗುಂಯ್‌ಗುಟ್ಟಿ ನಿಂತಿತು. ನಿರಂಜನ ಪಿಪೆಟ್ ಹಿಡಿದು, ಡಿಎನ್‌ಎ ಮಾದರಿಯನ್ನು ಹನಿಯೂ ಚೆಲ್ಲದಂತೆ ಟ್ಯೂಬಿಗಿಳಿಸಿದ. ಹೆಬ್ಬಳ್ಳಿ ಮೀಸೆಯಡಿ ನಕ್ಕರು. ಮರುಗಳಿಗೆ ಪಿಪೆಟ್ಟಿನ ತುದಿಯ ಅದೇ ಟಿಪ್ಪನ್ನು ಅವನು ಮುಂದಿನ ಮಾದರಿಯೊಳಗೆ ಅದ್ದಿದ.

“ಟಿಪ್ ಬದಲ ಮಾಡೋ, ಒಂದರಾಗ ಒಂದು ಕೂಡಿ ಎಲ್ಲಾ ಕೆಡ್ತಾವ.”

“ಕೈ ಮಾತು ಕೇಳವಲ್ದು ಮಾಮಾ.”

ರಾಜೀನಾಮೆ ಕೊಟ್ಟಂದಿನಿಂದ ಮನೆಯಲ್ಲಿ ಕೂತು ಆ ಒಂದೇ ತಪ್ಪನ್ನು ಕೈಗೆ ರೂಢಿ ಮಾಡಿಸಿದ್ದ ವಾರಿಜಾ, ಮರಗಟ್ಟಿದ ಬೆರಳುಗಳಿಂದ ತನ್ನ ಚೀಲ ಎತ್ತಿಕೊಂಡಳು.

“ಏನೂ ಹೊರಗ ಒಯ್ಯಾಕತ್ತಿಲ್ರಿ ಸರ,” ಎಂದಳು.